ಲೆಕ್ಕವೂ ಬೇಕು, ಮಾತೂ ಬೇಕು: ಕಲ್ಯಾಣ ಯೋಜನೆಗಳ ದುರುಪಯೋಗವನ್ನು ಅಧ್ಯಯನ ಮಾಡುವ ಬಗೆ

(ಸಂಘದ ವಾರ್ಷಿಕ ಸಮಾವೇಶದ ಅಂಗವಾಗಿ ಅಧ್ಯಾಪಕರು ಹಾಗೂ ಪದವಿ ವಿದ್ಯಾರ್ಥಿಗಳಿಗಾಗಿ ಏರ್ಪಡಿಸಿದ್ದ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)





ವಾರ್ಷಿಕ ಸಮಾವೇಶವೆಂದರೆ ಪ್ರತಿಭಾ ಪುರಸ್ಕಾರ, ವಿದ್ಯಾರ್ಥಿವೇತನ ವಿತರಣೆ, ಹಿರಿಯರ ಸನ್ಮಾನ ಎಂಬುದು ರೂಢಿ. ಆ ಸಂಭ್ರಮದ ನಡುವೆ ನನಗೆ ಒಪ್ಪಿಸಿರುವ ವಿಷಯ ಅಷ್ಟೇನೂ ಹಿತವಾದುದಲ್ಲ. ಸರಕಾರ ಬಡವರಿಗೆಂದು, ಹಿಂದುಳಿದವರಿಗೆಂದು ಕೊಡುವ ನೆರವು ದುರುಪಯೋಗವಾಗುತ್ತಿದೆಯೇ, ಆಗುತ್ತಿದ್ದರೆ ಎಷ್ಟು, ಯಾರಿಂದ, ಏಕೆ ಎಂಬುದನ್ನು ಶಾಸ್ತ್ರೀಯವಾಗಿ ತಿಳಿಯುವುದು ಹೇಗೆ ಎಂಬುದೇ ಆ ವಿಷಯ. ಹಿತವಲ್ಲದಿದ್ದರೂ ಇದು ನಮಗೆ ಅಗತ್ಯವಾದ ವಿಷಯ ಎಂಬುದು ನನ್ನ ನಂಬಿಕೆ. ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ.

2006ರಲ್ಲಿ ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿಯ ವರದಿ ಬಂತು. ಮುಸ್ಲಿಮರ ಶೈಕ್ಷಣಿಕ ಸ್ಥಿತಿಯನ್ನು ಅದು ಅಂಕಿ ಅಂಶಗಳ ಮೂಲಕ ದೇಶದ ಮುಂದಿಟ್ಟಿತು. ಆ ಬಳಿಕ ಕೇಂದ್ರ ಸರಕಾರವು ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗಾಗಿ ಮೆಟ್ರಿಕ್ ಪೂರ್ವ ಮತ್ತು ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಗಳನ್ನು ಜಾರಿಗೆ ತಂದಿತು. ಶೇ. 30ರಷ್ಟನ್ನು ಹೆಣ್ಣುಮಕ್ಕಳಿಗೆ ಮೀಸಲಿಡಲಾಯಿತು. ಆ ಹಣದಿಂದ ಶಾಲೆಯಲ್ಲಿ ಉಳಿದ ಮಕ್ಕಳು ನಮ್ಮ ಊರುಗಳಲ್ಲಿ, ಈ ಸಭಾಂಗಣದಲ್ಲಿಯೂ ಇದ್ದಾರೆ.

2023ರ ಆಗಸ್ಟ್ ತಿಂಗಳಿನಲ್ಲಿ ಬೇರೊಂದು ಸುದ್ದಿ ಬಂತು. ಈ ವಿದ್ಯಾರ್ಥಿವೇತನ ಪಡೆಯುತ್ತಿದ್ದ 1,572 ಸಂಸ್ಥೆಗಳನ್ನು ಪರಿಶೀಲಿಸಿದಾಗ 830 ಸಂಸ್ಥೆಗಳು ನಕಲಿ, ಮುಚ್ಚಿಹೋದವು ಅಥವಾ ಅಕ್ರಮದಲ್ಲಿ ತೊಡಗಿದವು ಎಂದು ಕಂಡುಬಂದಿತು. 2017-18ರಿಂದ 2021-22ರವರೆಗಿನ ಐದು ವರ್ಷಗಳಲ್ಲಿ 144.83 ಕೋಟಿ ರೂಪಾಯಿ ನಷ್ಟವಾಗಿದೆಯೆಂದು ಲೆಕ್ಕ ಹಾಕಲಾಯಿತು. ಪ್ರಕರಣವನ್ನು ಸಿಬಿಐಗೆ ವಹಿಸಲಾಯಿತು. ಪಟ್ಟಿಯಲ್ಲಿ ಕರ್ನಾಟಕದ ಸಂಸ್ಥೆಗಳೂ ಇದ್ದವು.

ಆಗ ನಮ್ಮ ನಡುವೆ ಎರಡು ಬಗೆಯ ಮಾತು ಕೇಳಿಬಂದವು. ಇದೆಲ್ಲ ನಮ್ಮ ಮಕ್ಕಳ ಸವಲತ್ತು ಕಸಿಯಲು ಹೂಡಿದ ನೆಪ ಎಂದರು ಕೆಲವರು. ನಮ್ಮವರೇ ಹೀಗೆ, ಯಾರು ಏನು ಮಾಡಲು ಸಾಧ್ಯ ಎಂದು ಕೈಚೆಲ್ಲಿದರು ಇನ್ನು ಕೆಲವರು. ಎರಡೂ ಮಾತುಗಳಲ್ಲಿ ಒಂದು ಸಾಮ್ಯವಿದೆ. ಎರಡನ್ನೂ ಆಡಿದವರು ಒಂದು ಶಾಲೆಯ ಹಾಜರಿ ಪುಸ್ತಕವನ್ನಾಗಲಿ, ಒಂದು ಮನೆಯ ಪಾಸ್‌ಬುಕ್ಕನ್ನಾಗಲಿ ನೋಡಿದವರಲ್ಲ. ನಾನು ಇಂದು ಹೇಳಬಯಸುವುದು ಮೂರನೆಯ ದಾರಿಯ ಬಗ್ಗೆ. ಎಣಿಸಿ ನೋಡುವುದು, ಕೂತು ಕೇಳುವುದು, ಎರಡನ್ನೂ ಒಂದಕ್ಕೊಂದು ತಾಳೆ ಹಾಕುವುದು.

ದುರುಪಯೋಗ ಎಂದರೇನು?

ಯಾವುದೇ ಅಧ್ಯಯನದಲ್ಲಿ ಮೊದಲು ಮಾಡಬೇಕಾದುದು ಪದದ ಅರ್ಥವನ್ನು ಖಚಿತಪಡಿಸಿಕೊಳ್ಳುವುದು. ದುರುಪಯೋಗ ಎಂಬ ಒಂದೇ ಪದದೊಳಗೆ ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆ. ಇಲ್ಲದ ಮಗುವಿನ ಹೆಸರಿನಲ್ಲಿ ಹಣ ಪಡೆಯುವುದು ವಂಚನೆ. ಅರ್ಜಿ ತುಂಬುವಾಗ ತಿಳಿಯದೆ ತಪ್ಪು ಬರೆಯುವುದು ವಂಚನೆಯಲ್ಲ, ಫಲಾನುಭವಿಯ ತಪ್ಪು. ಕಚೇರಿಯಲ್ಲಿ ಹೆಸರು ಅದಲು ಬದಲಾಗುವುದು ಅಧಿಕಾರಿಯ ತಪ್ಪು. ಬ್ರಿಟನ್ನಿನ ಕಾರ್ಮಿಕ ಮತ್ತು ಪಿಂಚಣಿ ಇಲಾಖೆಯು ಪ್ರತಿವರ್ಷ ಫಲಾನುಭವಿಗಳ ಕಡತಗಳಲ್ಲಿ ಒಂದು ಮಾದರಿಯನ್ನು ಆಯ್ದು ಪರಿಶೀಲಿಸಿ, ಈ ಮೂರನ್ನೂ ಬೇರೆ ಬೇರೆಯಾಗಿಯೇ ಪ್ರಕಟಿಸುತ್ತದೆ.

ಹಾಗೆ ಪ್ರಕಟಿಸಿದರೂ ಜನರ ಕಲ್ಪನೆ ಬೇರೆಯೇ ಇರುತ್ತದೆ. ಅಲ್ಲಿನ ಕಾರ್ಮಿಕ ಸಂಘಗಳ ಒಕ್ಕೂಟ 2012ರ ಕೊನೆಯಲ್ಲಿ ಜನಾಭಿಪ್ರಾಯ ಸಂಗ್ರಹಿಸಿದಾಗ, ಕಲ್ಯಾಣ ಯೋಜನೆಗಳ ಹಣದಲ್ಲಿ ಶೇ. 27ರಷ್ಟು ವಂಚಕರ ಪಾಲಾಗುತ್ತಿದೆಯೆಂದು ಜನ ಸರಾಸರಿ ಊಹಿಸಿದ್ದರು. ಸರಕಾರದ್ದೇ ಅಂದಾಜು ಆಗ ಶೇ. 0.7 ಆಗಿತ್ತು. ಊಹೆಗೂ ಲೆಕ್ಕಕ್ಕೂ ಎಷ್ಟು ಅಂತರ ನೋಡಿ! ಅಳತೆ ಮಾಡದೆ ಇದ್ದರೆ ಆ ಜಾಗವನ್ನು ಅಪವಾದ ತುಂಬುತ್ತದೆ.

ನಮ್ಮ ದೇಶದಲ್ಲಿ ಇನ್ನೊಂದು ಭೇದವನ್ನೂ ನೆನಪಿಡಬೇಕು. ಅರ್ಹರಲ್ಲದವರು ಪಟ್ಟಿಯಲ್ಲಿ ಸೇರುವುದು ಒಂದು ದೋಷ. ಅರ್ಹರು ಪಟ್ಟಿಯಿಂದ ಹೊರಗುಳಿಯುವುದು ಇನ್ನೊಂದು ದೋಷ. ಮೊದಲನೆಯದು ಪತ್ರಿಕೆಯ ಮುಖಪುಟಕ್ಕೆ ಬರುತ್ತದೆ. ಎರಡನೆಯದು ಅಡುಗೆಮನೆಯಲ್ಲಿಯೇ ಉಳಿಯುತ್ತದೆ. 2024ರ ನವೆಂಬರ್‌ನಲ್ಲಿ ನಮ್ಮ ರಾಜ್ಯದಲ್ಲಿ ಬಿಪಿಎಲ್ ಪಡಿತರ ಚೀಟಿಗಳನ್ನು ಪರಿಷ್ಕರಿಸಲು ಹೊರಟಾಗ ಅರ್ಹರ ಚೀಟಿಗಳೂ ರದ್ದಾದವೆಂಬ ಕೂಗು ಎದ್ದು, ಸರಕಾರಿ ನೌಕರರು ಮತ್ತು ಆದಾಯ ತೆರಿಗೆ ಪಾವತಿದಾರರನ್ನು ಬಿಟ್ಟು ಉಳಿದವರ ಚೀಟಿಗಳನ್ನು ಮರಳಿಸುವಂತೆ ಮುಖ್ಯಮಂತ್ರಿಗಳು ಸೂಚಿಸಬೇಕಾಯಿತು. ಒಂದು ದೋಷವನ್ನು ತೆಗೆಯಲು ಹೋದಾಗ ಇನ್ನೊಂದು ದೋಷ ಹೆಚ್ಚಾಗಬಹುದು. ಆದ್ದರಿಂದ ಎರಡನ್ನೂ ಅಳೆಯದ ಅಧ್ಯಯನ ಅರ್ಧ ಅಧ್ಯಯನ.

ಎಣಿಕೆಯ ದಾರಿ

ಈಗ ಪರಿಮಾಣಾತ್ಮಕ ವಿಧಾನಕ್ಕೆ ಬರೋಣ. ಸರಳವಾಗಿ ಹೇಳುವುದಾದರೆ ಇದು ಎಣಿಕೆಯ ದಾರಿ. ದುರುಪಯೋಗವನ್ನು ಯಾರೂ ಕಡತದಲ್ಲಿ ಬರೆದಿಡುವುದಿಲ್ಲ. ಹಾಗಾದರೆ ಎಣಿಸುವುದು ಹೇಗೆ? ಎರಡು ಸ್ವತಂತ್ರ ಲೆಕ್ಕಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ಹಳೆಯ ಹಾಗೂ ಗಟ್ಟಿಯಾದ ಉಪಾಯ.

ಪಡಿತರ ವ್ಯವಸ್ಥೆಯನ್ನೇ ತೆಗೆದುಕೊಳ್ಳಿ. ಗೋದಾಮಿನಿಂದ ರಾಜ್ಯಗಳು ಎಷ್ಟು ಧಾನ್ಯ ಎತ್ತಿದವು ಎಂಬುದು ಸರಕಾರದ ಲೆಕ್ಕ. ಜನರು ನ್ಯಾಯಬೆಲೆ ಅಂಗಡಿಯಿಂದ ಎಷ್ಟು ಕೊಂಡರು ಎಂಬುದು ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ಮನೆಮನೆಗೆ ಹೋಗಿ ಪಡೆದ ಲೆಕ್ಕ. ಇವೆರಡರ ನಡುವಿನ ಅಂತರವೇ ದಾರಿಯಲ್ಲಿ ಸೋರಿಹೋದ ಧಾನ್ಯ. ಜಾನ್ ಡ್ರೀಜ್ ಮತ್ತು ರೀತಿಕಾ ಖೇರಾ ಅವರು ಹೀಗೆ ಲೆಕ್ಕ ಹಾಕಿದಾಗ 2004-05ರಲ್ಲಿ ಈ ಸೋರಿಕೆ ಶೇ. 54ರಷ್ಟಿತ್ತು, 2011-12ರಲ್ಲಿ ಸುಮಾರು ಶೇ. 42ಕ್ಕೆ ಇಳಿದಿತ್ತು. ಬಿಹಾರದಲ್ಲಿ ಶೇ. 91ರಿಂದ 24ಕ್ಕೆ, ಛತ್ತೀಸ್‌ಗಢದಲ್ಲಿ ಸುಮಾರು ಶೇ. 52ರಿಂದ 9ಕ್ಕೆ ಇಳಿದಿತ್ತು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ ಈ ಲೆಕ್ಕಕ್ಕಾಗಿ ಯಾವ ಅಂಗಡಿಯವನನ್ನೂ ನೀನು ಕದ್ದೆಯಾ ಎಂದು ಕೇಳಬೇಕಾಗಲಿಲ್ಲ. ಸೋರಿಕೆ ಎಂಬುದು ವಿಧಿಯಲ್ಲ, ಮನಸ್ಸು ಮಾಡಿದರೆ ಕಡಿಮೆ ಮಾಡಬಹುದು ಎಂಬುದನ್ನೂ ಈ ಅಂಕಿಗಳು ತೋರಿಸಿದವು. ಆದರೆ ಛತ್ತೀಸ್‌ಗಢದಲ್ಲಿ ಏಕೆ ಇಳಿಯಿತು ಎಂಬುದನ್ನು ಅಂಕಿ ಹೇಳುವುದಿಲ್ಲ. ಹಳ್ಳಿಗಳಿಗೆ ಹೋಗಿ ಕೇಳಿದವರಿಗೆ ಅದು ತಿಳಿಯಿತು. ಅಲ್ಲಿ ಪಡಿತರ ಅಂಗಡಿಗಳನ್ನು ಖಾಸಗಿಯವರ ಕೈಯಿಂದ ತೆಗೆದು ಪಂಚಾಯತಿ, ಸಹಕಾರ ಸಂಘ ಹಾಗೂ ಮಹಿಳಾ ಸ್ವಸಹಾಯ ಗುಂಪುಗಳಿಗೆ ವಹಿಸಿದ್ದರು. ಅಂಗಡಿ ನಡೆಸುವವರ ಕಮಿಷನ್ ಹೆಚ್ಚಿಸಿದ್ದರು. ಎಲ್ಲಿ, ಎಷ್ಟು ಎಂಬುದು ಎಣಿಕೆಯಿಂದ ತಿಳಿಯಿತು, ಹೇಗೆ, ಏಕೆ ಎಂಬುದು ಮಾತಿನಿಂದ.

ಮಾದರಿಯ ಮಾತು

ಎಣಿಕೆಯಲ್ಲಿ ಎಡವುವ ಜಾಗವೂ ಒಂದಿದೆ. ಅದು ಯಾರನ್ನು ಎಣಿಸಿದೆವು ಎಂಬ ಪ್ರಶ್ನೆ. ವಿದ್ಯಾರ್ಥಿವೇತನದ ಪ್ರಕರಣಕ್ಕೆ ಮರಳೋಣ. 1,572ರಲ್ಲಿ 830 ಎಂದರೆ ಶೇ. 53ಕ್ಕೆ ಸಮೀಪ. ಅಂದಮೇಲೆ ಅಲ್ಪಸಂಖ್ಯಾತರ ವಿದ್ಯಾರ್ಥಿವೇತನದಲ್ಲಿ ಅರ್ಧಕ್ಕಿಂತ ಹೆಚ್ಚು ಮೋಸ ಎಂಬ ಮಾತು ಹಬ್ಬಿತು. ಇದು ಸರಿಯೇ?

ಸರಿಯಲ್ಲ. ಆ 1,572 ಸಂಸ್ಥೆಗಳು ಚೀಟಿ ಎತ್ತಿ ಆರಿಸಿದವುಗಳಲ್ಲ. ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅನುಮಾನದ ಗುರುತು ಕಾಣಿಸಿಕೊಂಡ ಸಂಸ್ಥೆಗಳಿಂದ ಆಯ್ದವು. ಯೋಜನೆಯ ವ್ಯಾಪ್ತಿಯಲ್ಲಿ ದೇಶದಾದ್ಯಂತ ಸುಮಾರು 1.80 ಲಕ್ಷ ಸಂಸ್ಥೆಗಳಿದ್ದವು. ಜ್ವರ ಬಂದು ಆಸ್ಪತ್ರೆಗೆ ಬಂದವರನ್ನು ಪರೀಕ್ಷಿಸಿ, ಅರ್ಧದಷ್ಟು ಜನರಿಗೆ ಮಲೇರಿಯಾ ಇದೆ ಎಂದು ಕಂಡರೆ, ಊರಿನ ಅರ್ಧ ಜನರಿಗೆ ಮಲೇರಿಯಾ ಇದೆ ಎಂದು ಹೇಳುವುದಿಲ್ಲವಷ್ಟೆ.

ಇದನ್ನು ಕೇಳಿ ಸಮಾಧಾನ ಪಡುವವರಿಗೆ ಇನ್ನೊಂದು ಮಾತು. 1.80 ಲಕ್ಷದಲ್ಲಿ 830 ಎಂದರೆ ಶೇ. ಅರ್ಧಕ್ಕಿಂತಲೂ ಕಡಿಮೆ, ಹಾಗಾಗಿ ಇದು ನಗಣ್ಯ ಎನ್ನುವುದೂ ಅಷ್ಟೇ ತಪ್ಪು. ಉಳಿದ ಸಂಸ್ಥೆಗಳನ್ನು ಆ ಪರಿಶೀಲನೆಯಲ್ಲಿ ನೋಡಿಯೇ ಇರಲಿಲ್ಲ. ನೋಡದೆ ಇರುವುದು ಶುದ್ಧವೆಂದು ಅರ್ಥವಲ್ಲ. ಇಡೀ ಯೋಜನೆಯ ಪ್ರಮಾಣ ತಿಳಿಯಬೇಕಾದರೆ ಎಲ್ಲಾ ಸಂಸ್ಥೆಗಳ ಪಟ್ಟಿಯಿಂದ, ಯಾರ ಇಷ್ಟಾನಿಷ್ಟಕ್ಕೂ ಅವಕಾಶವಿಲ್ಲದಂತೆ, ಚೀಟಿ ಎತ್ತಿ ಒಂದಷ್ಟನ್ನು ಆರಿಸಿ ಪರಿಶೀಲಿಸಬೇಕು. ಅನುಮಾನದ ಪಟ್ಟಿ ಕಳ್ಳರನ್ನು ಹಿಡಿಯಲು ಬೇಕು. ಚೀಟಿ ಎತ್ತಿದ ಪಟ್ಟಿ ಸತ್ಯವನ್ನು ಅಳೆಯಲು ಬೇಕು. ಒಂದರ ಕೆಲಸವನ್ನು ಇನ್ನೊಂದರಿಂದ ಮಾಡಿಸಬಾರದು.

ಇಸ್ಲಾಮೀ ಇತಿಹಾಸದಲ್ಲಿ ಇದಕ್ಕೊಂದು ಸುಂದರ ನಿದರ್ಶನವಿದೆ. ಕೂಫಾದ ರಾಜ್ಯಪಾಲರಾಗಿದ್ದ ಹಝ್ರತ್ ಸಅದ್ ಬಿನ್ ಅಬೀ ವಕ್ಕಾಸ್ (ರ) ಅವರ ಮೇಲೆ ದೂರು ಬಂದಾಗ ಖಲೀಫಾ ಹಝ್ರತ್ ಉಮರ್ (ರ) ಅವರು ವಿಚಾರಣೆಗೆ ಜನರನ್ನು ಕಳುಹಿಸಿದರು. ಅವರು ಕೂಫಾದ ಒಂದು ಮಸೀದಿಯನ್ನೂ ಬಿಡದೆ ಎಲ್ಲಾ ಕಡೆ ಹೋಗಿ ಜನರನ್ನು ಕೇಳಿದರು. ಎಲ್ಲೆಡೆಯೂ ಪ್ರಶಂಸೆಯೇ. ಬನೂ ಅಬ್ಸ್ ಕಬೀಲೆಯ ಮಸೀದಿಯಲ್ಲಿ ಮಾತ್ರ ಒಬ್ಬ ವ್ಯಕ್ತಿ ಎದ್ದುನಿಂತು, ಅವರು ಸಮನಾಗಿ ಹಂಚುವುದಿಲ್ಲ ಮುಂತಾಗಿ ಆಪಾದಿಸಿದನು. ಈ ಘಟನೆ ಬುಖಾರಿಯಲ್ಲಿ ವರದಿಯಾಗಿದೆ. ವಿಚಾರಣೆಗೆ ಹೋದವರು ಆ ಒಂದೇ ಮಸೀದಿಗೆ ಹೋಗಿ ಮರಳಿದ್ದರೆ ಮದೀನಾಕ್ಕೆ ಯಾವ ವರದಿ ತಲುಪುತ್ತಿತ್ತು ಎಂದು ಯೋಚಿಸಿ. ಮಾದರಿ ಆಯ್ಕೆಯ ಪಾಠವೆಲ್ಲವೂ ಅದರಲ್ಲಿದೆ.

ಕೇಳಲಾಗದ ಪ್ರಶ್ನೆ

ಕೆಲವು ವಿಷಯಗಳಲ್ಲಿ ಎರಡನೆಯ ಲೆಕ್ಕ ಸಿಗುವುದೇ ಇಲ್ಲ. ಜನರನ್ನೇ ಕೇಳಬೇಕು. ನೀವು ಸುಳ್ಳು ಆದಾಯ ಪ್ರಮಾಣಪತ್ರ ಕೊಟ್ಟಿದ್ದೀರಾ ಎಂದು ಕೇಳಿದರೆ ಯಾರು ತಾನೇ ಹೌದು ಎಂದಾರು? ಇದಕ್ಕೆ ಸ್ಟ್ಯಾನ್ಲಿ ವಾರ್ನರ್ ಎಂಬ ಸಂಶೋಧಕರು 1965ರಲ್ಲಿ ಒಂದು ಜಾಣ ಉಪಾಯ ಸೂಚಿಸಿದರು. ಆ ಬಳಿಕ ಅದರಲ್ಲಿ ಹಲವು ಬಗೆಗಳು ಬಂದಿವೆ. ವಿದ್ಯಾರ್ಥಿಗಳಿಗೆ ತಿಳಿಯಲೆಂದು ಒಂದು ಸುಲಭದ ಬಗೆಯನ್ನು ಹೇಳುತ್ತೇನೆ.

200 ಜನರನ್ನು ಕೇಳುತ್ತೀರಿ ಎಂದುಕೊಳ್ಳಿ. ಪ್ರತಿಯೊಬ್ಬರೂ ನಿಮಗೆ ಕಾಣದಂತೆ ಒಂದು ನಾಣ್ಯ ಚಿಮ್ಮುತ್ತಾರೆ. ಸಿಂಹದ ಮುಖ ಬಿದ್ದರೆ ನಿಜ ಏನೇ ಇರಲಿ ಹೌದು ಎನ್ನಬೇಕು. ಇನ್ನೊಂದು ಮುಖ ಬಿದ್ದರೆ ನಿಜವನ್ನೇ ಹೇಳಬೇಕು. ಯಾರಾದರೂ ಹೌದು ಎಂದರೆ ಅದು ನಾಣ್ಯದ ಹೌದೋ ಮನುಷ್ಯನ ಹೌದೋ ಎಂದು ನಿಮಗೆ ಗೊತ್ತಾಗುವುದಿಲ್ಲ. ಆದ್ದರಿಂದ ಹೇಳುವವನಿಗೆ ಭಯವಿಲ್ಲ. ಆದರೆ ಒಟ್ಟು ಲೆಕ್ಕ ನಿಮಗೆ ಸಿಗುತ್ತದೆ. ನಾಣ್ಯದ ದೆಸೆಯಿಂದ ಸುಮಾರು 100 ಹೌದು ಬರಲೇಬೇಕು. ಒಟ್ಟು 130 ಹೌದು ಬಂದಿದ್ದರೆ ಉಳಿದ 30, ನಿಜ ಹೇಳಬೇಕಾಗಿದ್ದ 100 ಜನರಿಂದ ಬಂದದ್ದು. ಅಂದರೆ ಶೇ. 30. ವ್ಯಕ್ತಿಯ ಗುಟ್ಟು ಉಳಿಯಿತು, ಸಮಾಜದ ಸತ್ಯ ಹೊರಬಂತು.

ನೆದರ್ಲೆಂಡ್ಸ್‌ನಲ್ಲಿ ಈ ವಿಧಾನವನ್ನು ಕಲ್ಯಾಣ ಭತ್ಯೆ ಮತ್ತು ನಿರುದ್ಯೋಗ ಭತ್ಯೆಯ ವಂಚನೆಯ ಅಧ್ಯಯನಕ್ಕೇ ಬಳಸಿ ಪರೀಕ್ಷಿಸಿದ್ದಾರೆ. 2000ದಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ವಂಚನೆ ಮಾಡಿ ಸಿಕ್ಕಿಬಿದ್ದಿದ್ದವರನ್ನೇ ಆಯ್ದು ಪ್ರಶ್ನಿಸಲಾಯಿತು. ನೇರ ಪ್ರಶ್ನೆಗಿಂತ ಈ ಬಗೆಯ ಪ್ರಶ್ನೆಗೆ ಹೆಚ್ಚು ಮಂದಿ ಒಪ್ಪಿಕೊಂಡರು. ಆದರೆ ಎಲ್ಲರೂ ಒಪ್ಪಿಕೊಳ್ಳಲಿಲ್ಲ ಎಂಬುದನ್ನೂ ನೆನಪಿಡಿ. ಉಪಾಯ ಎಷ್ಟೇ ಜಾಣತನದ್ದಾದರೂ ಭಯ ಪೂರ್ತಿ ಹೋಗುವುದಿಲ್ಲ.

ಮಾತಿನ ದಾರಿ

ಭಯ ಹೋಗಬೇಕಾದರೆ ವಿಶ್ವಾಸ ಬೇಕು. ವಿಶ್ವಾಸಕ್ಕೆ ಸಮಯ ಬೇಕು. ಗುಣಾತ್ಮಕ ವಿಧಾನದ ತಿರುಳು ಇದೇ.

ಅಮೆರಿಕದಲ್ಲಿ ಕ್ಯಾಥ್ರಿನ್ ಎಡಿನ್ ಮತ್ತು ಲಾರಾ ಲೈನ್ ಎಂಬ ಇಬ್ಬರು ಮಹಿಳೆಯರು ಶಿಕಾಗೋ, ಬಾಸ್ಟನ್, ಸ್ಯಾನ್ ಆಂಟೋನಿಯೊ ಮತ್ತು ಚಾರ್ಲ್‌ಸ್ಟನ್ ನಗರಗಳಲ್ಲಿ 379 ಒಂಟಿ ತಾಯಂದಿರನ್ನು ಮಾತನಾಡಿಸಿ 1997ರಲ್ಲಿ ಪುಸ್ತಕ ಪ್ರಕಟಿಸಿದರು. ಅಪರಿಚಿತರಾಗಿ ಬಾಗಿಲು ತಟ್ಟಲಿಲ್ಲ. ಆ ತಾಯಂದಿರು ನಂಬುವ ಯಾರಾದರೊಬ್ಬರ ಪರಿಚಯದ ಮೂಲಕ ಹೋದರು. ಒಬ್ಬೊಬ್ಬರನ್ನು ಮತ್ತೆ ಮತ್ತೆ ಕಂಡರು. ಆದಾಯವನ್ನು ಮೊದಲು ಕೇಳಲಿಲ್ಲ. ಮನೆ ಬಾಡಿಗೆ ಎಷ್ಟು, ಹಾಲಿಗೆ ಎಷ್ಟು, ಮಕ್ಕಳ ಬಟ್ಟೆಗೆ ಎಷ್ಟು ಎಂದು ಖರ್ಚನ್ನು ಕೇಳಿದರು. ಬಳಿಕ ಇಷ್ಟು ಖರ್ಚಿಗೆ ಹಣ ಹೇಗೆ ಹೊಂದಿಸುತ್ತೀರಿ ಎಂದು ವಿಚಾರಿಸಿದರು.

ಸರಕಾರದ ನೆರವಿನಿಂದ ಬದುಕುತ್ತಿದ್ದ ತಾಯಂದಿರಿಗೆ ಆ ನೆರವು ಖರ್ಚಿನ ಸುಮಾರು ಐದರಲ್ಲಿ ಮೂರು ಪಾಲಿಗೆ ಮಾತ್ರ ಸಾಲುತ್ತಿತ್ತು. ಉಳಿದದ್ದನ್ನು ಅವರು ಹೇಳಿಕೊಳ್ಳದ ಕೂಲಿ ಕೆಲಸದಿಂದ, ಬಂಧುಗಳಿಂದ, ಮಕ್ಕಳ ತಂದೆಯಿಂದ, ದಾನಸಂಸ್ಥೆಗಳಿಂದ ಹೊಂದಿಸುತ್ತಿದ್ದರು. ನಿಯಮದ ಪ್ರಕಾರ ಆ ಆದಾಯವನ್ನು ಕಚೇರಿಗೆ ತಿಳಿಸಬೇಕಿತ್ತು. ಬಹುತೇಕ ಯಾರೂ ತಿಳಿಸಿರಲಿಲ್ಲ. ಎಣಿಕೆಯವರು ಮಾತ್ರ ಹೋಗಿದ್ದರೆ ಇದನ್ನು ವಂಚನೆಯ ಕಾಲಂನಲ್ಲಿ ಬರೆದು ಮುಗಿಸುತ್ತಿದ್ದರು. ಕೂತು ಕೇಳಿದವರಿಗೆ, ನಿಯಮ ಮತ್ತು ಬದುಕಿನ ನಡುವೆ ಸಿಕ್ಕಿಹಾಕಿಕೊಂಡ ತಾಯಿಯೊಬ್ಬಳು ಕಂಡಳು.

ಅಮೆರಿಕದ ಈ ಮಾತನ್ನು ನಮ್ಮ ಮನೆ ಬಾಗಿಲಿಗೆ ತರೋಣ. ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನಕ್ಕೆ ಪೋಷಕರ ವಾರ್ಷಿಕ ಆದಾಯದ ಮಿತಿ 1 ಲಕ್ಷ ರೂಪಾಯಿ ಆಗಿತ್ತು. 2008ರಲ್ಲಿ ಯೋಜನೆ ಆರಂಭವಾದಾಗಲೂ ಅಷ್ಟೇ, 2021-22ರಲ್ಲಿಯೂ ಅಷ್ಟೇ. ಈ ಅವಧಿಯಲ್ಲಿ ಬೆಲೆಗಳು ಎರಡು ಪಟ್ಟಿಗೂ ಹೆಚ್ಚಾದವು. 1 ಲಕ್ಷವನ್ನು 365ರಿಂದ ಭಾಗಿಸಿ ನೋಡಿ, ದಿನಕ್ಕೆ 274 ರೂಪಾಯಿ. ಗಾರೆ ಕೆಲಸದವನೊಬ್ಬ ವರ್ಷದಲ್ಲಿ ಇನ್ನೂರು ದಿನ ಕೆಲಸ ಸಿಕ್ಕಿ ಪ್ರಾಮಾಣಿಕವಾಗಿ ಆದಾಯ ಬರೆದರೆ ಅವನ ಮಗಳು ಅರ್ಹಳಾಗುತ್ತಿರಲಿಲ್ಲ. ಆತ ನಾಡಕಚೇರಿಯಲ್ಲಿ ಮಿತಿಯೊಳಗಿನ ಪ್ರಮಾಣಪತ್ರ ಮಾಡಿಸಿಕೊಂಡರೆ ಅದು ದುರುಪಯೋಗವೇ?

ನಿಯಮದ ದೃಷ್ಟಿಯಲ್ಲಿ ಹೌದು. ಸುಳ್ಳು ಸುಳ್ಳೇ, ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಇಲ್ಲದ ಹಾಸ್ಟೆಲಿಗೆ ನೂರು ಮಕ್ಕಳ ಹೆಸರು ಬರೆದವನನ್ನೂ ಈ ತಂದೆಯನ್ನೂ ಒಂದೇ ಸಂಖ್ಯೆಯಲ್ಲಿ ಕೂಡಿಸಿ ವರದಿ ಬರೆಯುವುದು ಅನ್ಯಾಯ. ಮೊದಲನೆಯವನಿಗೆ ಬೇಕಾದುದು ನ್ಯಾಯಾಲಯ. ಎರಡನೆಯವನ ವಿಷಯದಲ್ಲಿ ಬದಲಾಗಬೇಕಾದುದು ಆದಾಯ ಮಿತಿ. ಎರಡು ರೋಗಕ್ಕೂ ಒಂದೇ ಔಷಧ ಕೊಟ್ಟರೆ ಬಡವನ ಮಗು ಶಾಲೆ ಬಿಡುತ್ತದೆ.

ಕಡತಕ್ಕೆ ಕಾಣದ್ದು

ಕಡತ ಸರಿಯಾಗಿದ್ದರೂ ಮೋಸ ನಡೆಯಬಹುದು ಎಂಬುದಕ್ಕೆ ಜಾರ್ಖಂಡ್ ನಿದರ್ಶನ. 2020ರಲ್ಲಿ ಪತ್ರಕರ್ತರು ಅಲ್ಲಿನ ಶಾಲೆಗಳಿಗೂ ಮನೆಗಳಿಗೂ ಹೋಗಿ ಈ ವಿದ್ಯಾರ್ಥಿವೇತನದ ಅಕ್ರಮವನ್ನು ಬಯಲಿಗೆಳೆದರು. ಆರರಿಂದ ಹತ್ತನೇ ತರಗತಿಯ ಮಗು ಹಾಸ್ಟೆಲಿನಲ್ಲಿದ್ದರೆ ವರ್ಷಕ್ಕೆ 10,700 ರೂಪಾಯಿ, ಮನೆಯಿಂದ ಹೋಗಿ ಬರುವುದಾದರೆ 5,700 ರೂಪಾಯಿ. ಹಾಸ್ಟೆಲೇ ಇಲ್ಲದ ಶಾಲೆಗಳ ಮಕ್ಕಳನ್ನು ಹಾಸ್ಟೆಲಿನವರೆಂದು ತೋರಿಸಲಾಗಿತ್ತು. ದಲ್ಲಾಳಿಗಳು ಬಡವರಿಂದ ಆಧಾರ್ ಮತ್ತು ಬ್ಯಾಂಕ್ ಖಾತೆಯ ವಿವರ ಪಡೆದು, ಬಂದ ಹಣದಲ್ಲಿ ಸ್ವಲ್ಪ ಭಾಗ ಕುಟುಂಬಕ್ಕೆ ಕೊಟ್ಟು ಉಳಿದುದನ್ನು ತಾವಿಟ್ಟುಕೊಳ್ಳುತ್ತಿದ್ದರು. ಇದರಲ್ಲಿ ಶಾಲೆಯವರು, ಬ್ಯಾಂಕಿನ ಪ್ರತಿನಿಧಿಗಳು, ಸರಕಾರಿ ನೌಕರರು ಎಲ್ಲರ ಕೈಯೂ ಇತ್ತು.

ಈಗ ಯೋಚಿಸಿ. ಕಂಪ್ಯೂಟರಿನ ಪ್ರಕಾರ ಹಣ ಫಲಾನುಭವಿಯ ಖಾತೆಗೆ ನೇರವಾಗಿ ಹೋಗಿದೆ, ಸೋರಿಕೆ ಸೊನ್ನೆ. ತಪ್ಪು ಸಿಕ್ಕಿದ ದಿನ ಕಾಗದದ ಪ್ರಕಾರ ಅಪರಾಧಿ ಯಾರು? ಖಾತೆ ಯಾರ ಹೆಸರಿನಲ್ಲಿದೆಯೋ ಅವರು. ಓದು ಬಾರದ ಆ ತಾಯಿಗೆ ತನ್ನ ಮಗ ಯಾವ ಹಾಸ್ಟೆಲಿನಲ್ಲಿದ್ದಾನೆಂದು ಬರೆಯಲಾಗಿದೆ ಎಂಬುದೇ ತಿಳಿಯದು. ಮನೆಗೆ ಹೋಗಿ ಕೇಳದಿದ್ದರೆ ಬಲಿಪಶುವೇ ವಂಚಕನಾಗಿ ದಾಖಲಾಗುವ ಅಪಾಯವಿದೆ.

ಅದೇ ಜಾರ್ಖಂಡಿನಿಂದ ಇನ್ನೊಂದು ಪಾಠವೂ ಬಂದಿದೆ. 2016ರಿಂದ 2018ರ ನಡುವೆ ಅಲ್ಲಿ ದೊಡ್ಡ ಸಂಖ್ಯೆಯಲ್ಲಿ ಪಡಿತರ ಚೀಟಿಗಳನ್ನು ನಕಲಿ ಎಂದು ರದ್ದುಗೊಳಿಸಲಾಯಿತು. ಕಾರ್ತಿಕ್ ಮುರಳೀಧರನ್, ಪಾಲ್ ನೀಹೌಸ್ ಮತ್ತು ಸಂದೀಪ್ ಸುಖ್ತಾಂಕರ್ ಎಂಬ ಅರ್ಥಶಾಸ್ತ್ರಜ್ಞರು ಹತ್ತು ಜಿಲ್ಲೆಗಳಲ್ಲಿ ರದ್ದಾದ ಚೀಟಿಗಳಿಂದ ಒಂದು ಮಾದರಿ ಆಯ್ದು ಆ ಕುಟುಂಬಗಳನ್ನು ಹುಡುಕಿಸಿದರು. ಹತ್ತರಲ್ಲಿ ಒಂಬತ್ತರಷ್ಟು ಚೀಟಿಗಳು ನಿಜವಾದ ಕುಟುಂಬಗಳಿಗೆ ಸೇರಿದ್ದವು. ಪತ್ತೆಯಾಗದವು ಹತ್ತರಲ್ಲೊಂದು ಮಾತ್ರ. ಕಚೇರಿಯಲ್ಲಿ ಕೂತು ಮಾಡಿದ ಲೆಕ್ಕ ಒಂದು, ಬಾಗಿಲು ತಟ್ಟಿ ಮಾಡಿದ ಲೆಕ್ಕ ಇನ್ನೊಂದು.

ಜನರೇ ಕಡತ ಓದಿ ಪರಿಶೀಲಿಸುವ ಸಾಮಾಜಿಕ ಪರಿಶೋಧನೆಯ ಬಗ್ಗೆಯೂ ಒಂದು ಮಾತು. ಆಂಧ್ರಪ್ರದೇಶದಲ್ಲಿ 2006ರಿಂದ 2010ರವರೆಗೆ ಉದ್ಯೋಗ ಖಾತರಿ ಯೋಜನೆಯಲ್ಲಿ ನಡೆದ ಇಂತಹ ಪರಿಶೋಧನೆಗಳ ವರದಿಗಳನ್ನು ಫರ್ಝಾನಾ ಅಫ್ರೀದಿ ಮತ್ತು ವೆಗಾರ್ಡ್ ಐವರ್ಸನ್ ಅಧ್ಯಯನ ಮಾಡಿದರು. ಕೂಲಿಯಲ್ಲಿ ನಡೆಯುವ, ಸುಲಭವಾಗಿ ಕಾಣುವ ಅಕ್ರಮ ಕಡಿಮೆಯಾಗಿತ್ತು. ಸಾಮಗ್ರಿ ಖರೀದಿಯಲ್ಲಿ ನಡೆಯುವ, ಸುಲಭಕ್ಕೆ ಕಾಣದ ಅಕ್ರಮ ಹೆಚ್ಚಾಗಿತ್ತು. ಒಂದು ಬಾಗಿಲು ಮುಚ್ಚಿದಾಗ ಕಳ್ಳ ಇನ್ನೊಂದು ಬಾಗಿಲು ಹುಡುಕುತ್ತಾನೆ. ಆದ್ದರಿಂದ ಒಮ್ಮೆ ಅಧ್ಯಯನ ಮಾಡಿ ಬಿಡುವುದಲ್ಲ, ವರ್ಷವರ್ಷವೂ ಮಾಡಬೇಕು.

ನಾವೇನು ಮಾಡಬಹುದು?

ಇಷ್ಟೆಲ್ಲ ಹೇಳಿದ ಮೇಲೆ ನಮ್ಮಂತಹ ಸಂಘಗಳ ಪಾತ್ರವೇನು? ನನ್ನ ಸಲಹೆ ಇಷ್ಟು. ಯಾರೋ ಹೊರಗಿನವರು ಬಂದು ನಮ್ಮನ್ನು ಎಣಿಸುವವರೆಗೆ ಕಾಯದೆ, ಒಂದು ತಾಲೂಕನ್ನು ಆರಿಸಿಕೊಂಡು ನಾವೇ ಅಧ್ಯಯನ ಮಾಡೋಣ. ವಿದ್ಯಾರ್ಥಿವೇತನ ಯಾವುದೇ ಇರಲಿ, ಕೇಂದ್ರದ್ದು, ರಾಜ್ಯದ್ದು, ಅಷ್ಟೇ ಏಕೆ, ಝಕಾತ್ ಹಣದಿಂದ ನಮ್ಮ ಸಂಘವೇ ಕೊಡುವುದು ಕೂಡ ಆಗಬಹುದು.

ಮೊದಲು, ಆ ತಾಲೂಕಿನ ಎಲ್ಲಾ ಶಾಲೆಗಳ ಪಟ್ಟಿ ಮಾಡಿ, ಎಲ್ಲರ ಎದುರು ಚೀಟಿ ಎತ್ತಿ ಶಾಲೆಗಳನ್ನು ಆರಿಸಬೇಕು. ನಮ್ಮ ಆಡಳಿತ ಮಂಡಳಿಯ ಸದಸ್ಯರ ಶಾಲೆ ಬಂದರೂ ಬಿಡಬಾರದು. ಎರಡನೆಯದಾಗಿ, ಶಾಲೆಯ ಹಾಜರಿ, ಅರ್ಜಿಗಳ ಸಂಖ್ಯೆ, ಮನೆಯ ಪಾಸ್‌ಬುಕ್ ಈ ಮೂರನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ಮೂರನೆಯದಾಗಿ, ಪಡೆದವರನ್ನು ಮಾತ್ರವಲ್ಲ, ಅರ್ಹರಾಗಿದ್ದೂ ಪಡೆಯದವರನ್ನು ಹುಡುಕಬೇಕು. ಪ್ರಮಾಣಪತ್ರಕ್ಕಾಗಿ ಎರಡು ದಿನದ ಕೂಲಿ ಕಳೆದುಕೊಳ್ಳಲಾರದೆ ಅರ್ಜಿಯನ್ನೇ ಹಾಕದ ಮನೆಗಳಿರುತ್ತವೆ. ಅವರು ಯಾವ ಪೋರ್ಟಲ್‌ನಲ್ಲಿಯೂ ಇಲ್ಲ.

ನಾಲ್ಕನೆಯದಾಗಿ, ಇಪ್ಪತ್ತು ಇಪ್ಪತ್ತೈದು ಮನೆಗಳಲ್ಲಿ ನಿಧಾನವಾಗಿ ಕೂತು ಮಾತನಾಡಬೇಕು. ಬ್ಯಾರಿ ಮನೆಯಲ್ಲಿ ಬ್ಯಾರಿಯಲ್ಲಿ, ಉರ್ದು ಮನೆಯಲ್ಲಿ ಉರ್ದುವಿನಲ್ಲಿ, ಕನ್ನಡದ ಮನೆಯಲ್ಲಿ ಕನ್ನಡದಲ್ಲಿ. ತಾಯಂದಿರನ್ನು ಮಾತನಾಡಿಸಲು ನಮ್ಮ ಪದವಿ ವಿದ್ಯಾರ್ಥಿನಿಯರೇ ಹೋಗಬೇಕು. ಗಂಡಸರು ಪ್ರಶ್ನಾವಳಿ ಹಿಡಿದು ಬಾಗಿಲಲ್ಲಿ ನಿಂತರೆ ಸಿಗುವ ಉತ್ತರ ಬೇರೆ, ಮಗಳಂಥವಳು ಅಡುಗೆಮನೆಯಲ್ಲಿ ಕೂತು ಕೇಳಿದಾಗ ಸಿಗುವ ಉತ್ತರ ಬೇರೆ. ಅರ್ಜಿ ತುಂಬಿಕೊಡುವ ಸೈಬರ್ ಸೆಂಟರಿನವರನ್ನೂ, ಮುಖ್ಯೋಪಾಧ್ಯಾಯರನ್ನೂ ಕೇಳಬೇಕು. ಕೊನೆಯದಾಗಿ, ಎಣಿಕೆ ಹೇಳಿದ್ದನ್ನೂ ಮಾತು ಹೇಳಿದ್ದನ್ನೂ ತಾಳೆ ನೋಡಬೇಕು. ಎರಡೂ ಒಂದೇ ಹೇಳಿದರೆ ನಂಬಿಕೆ ಗಟ್ಟಿಯಾಗುತ್ತದೆ. ಬೇರೆ ಬೇರೆ ಹೇಳಿದರೆ ಅಲ್ಲಿಯೇ ಹೊಸದೊಂದು ತಿಳಿಯುವುದಿದೆ ಎಂದು ಅರ್ಥ, ಮತ್ತೆ ಹೋಗಿ ಕೇಳಬೇಕು.

ಇದರ ಜೊತೆಗೆ ಕೆಲವು ಕಟ್ಟುಪಾಡುಗಳು ಅಗತ್ಯ. ಒಪ್ಪಿಗೆಯಿಲ್ಲದೆ ಯಾರನ್ನೂ ಕೇಳಬಾರದು. ಹೆಸರು ಬರೆದುಕೊಳ್ಳಬಾರದು. ಆಧಾರ್ ಸಂಖ್ಯೆಯನ್ನಂತೂ ಮುಟ್ಟಲೇಬಾರದು. ಸಂಶೋಧಕ ಪೊಲೀಸನಲ್ಲ, ಚಾಡಿಕೋರನೂ ಅಲ್ಲ. ಆಡಿದ ಮಾತು ನಮ್ಮ ಬಳಿ ಅಮಾನತ್. ಆದರೆ ಮಕ್ಕಳ ಹೆಸರಿನಲ್ಲಿ ಹಣ ನುಂಗುವ ಸಂಸ್ಥೆ ಕಂಡುಬಂದರೆ, ಅದು ನಮ್ಮದೇ ಜಮಾಅತಿನ ದೊಡ್ಡವರದ್ದಾದರೂ, ಮುಚ್ಚಿಡುವ ಹಕ್ಕು ನಮಗಿಲ್ಲ. ಮನೆಗಳ ಗುಟ್ಟನ್ನು ಕಾಪಾಡುವುದು ಬೇರೆ, ಸಂಸ್ಥೆಗಳ ಅಕ್ರಮವನ್ನು ಮುಚ್ಚುವುದು ಬೇರೆ.

ಇದರಿಂದ ಆಗುವ ಪ್ರಯೋಜನವೇನು ಎಂದು ಕೇಳಬಹುದು. 2022ರಲ್ಲಿ ಒಂದರಿಂದ ಎಂಟನೇ ತರಗತಿಯವರೆಗಿನ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವನ್ನು ಕೇಂದ್ರ ಸರಕಾರ ನಿಲ್ಲಿಸಿತು. ಅದಕ್ಕೆ ಕೊಟ್ಟ ಕಾರಣ ದುರುಪಯೋಗವಲ್ಲ. ಶಿಕ್ಷಣ ಹಕ್ಕು ಕಾಯ್ದೆಯಡಿ ಆ ತರಗತಿಗಳ ಶಿಕ್ಷಣ ಹೇಗೂ ಉಚಿತ ಎಂಬುದು. ಆಗ ಸಂಘ ಸಂಸ್ಥೆಗಳು ಮನವಿ ಕೊಟ್ಟವು, ಸಭೆ ನಡೆಸಿದವು. ಆದರೆ ಆ ಹಣ ನಿಂತರೆ ನಮ್ಮ ತಾಲೂಕಿನಲ್ಲಿ ಎಷ್ಟು ಮಕ್ಕಳು, ಅದರಲ್ಲಿ ಎಷ್ಟು ಹೆಣ್ಣುಮಕ್ಕಳು ಶಾಲೆ ಬಿಡುವ ಸ್ಥಿತಿಯಲ್ಲಿದ್ದಾರೆ, ಆ ಹಣ ಪುಸ್ತಕಕ್ಕೆ ಹೋಗುತ್ತಿತ್ತೇ, ಬಸ್ಸಿನ ಖರ್ಚಿಗೆ ಹೋಗುತ್ತಿತ್ತೇ ಎಂಬ ಲೆಕ್ಕ ಕೈಯಲ್ಲಿದ್ದರೆ ಮನವಿಯ ತೂಕವೇ ಬೇರೆಯಾಗುತ್ತದೆ. ತನ್ನ ತಪ್ಪನ್ನು ತಾನೇ ಅಳೆದು ಮುಂದಿಡುವ ಸಮುದಾಯ ತನ್ನ ಹಕ್ಕನ್ನು ಕೇಳಿದಾಗ ಯಾರೂ ಸುಲಭವಾಗಿ ಅಲ್ಲಗಳೆಯಲಾರರು.

ಸಹೋದರ ಸಹೋದರಿಯರೇ, ಪವಿತ್ರ ಕುರ್‌ಆನಿನಲ್ಲಿ ಅಳತೆಯಲ್ಲಿ ಮೋಸ ಮಾಡುವವರ ಹೆಸರಿನಲ್ಲಿಯೇ ಒಂದು ಅಧ್ಯಾಯವಿದೆ, ಸೂರಃ ಅಲ್ ಮುತಫ್ಫಿಫೀನ್. ಪಡೆಯುವಾಗ ಪೂರ್ತಿ ಅಳೆದು, ಕೊಡುವಾಗ ಕಡಿಮೆ ಅಳೆಯುವವರಿಗೆ ಅದರಲ್ಲಿ ಎಚ್ಚರಿಕೆಯಿದೆ. ನಾವು ಇದನ್ನು ಅಂಗಡಿಯ ತಕ್ಕಡಿಗೆ ಮಾತ್ರ ಅನ್ವಯಿಸಿಕೊಂಡಿದ್ದೇವೆ. ಸಂಶೋಧಕನ ಕೈಯಲ್ಲಿಯೂ ಒಂದು ತಕ್ಕಡಿಯಿದೆ. ಬಡವನ ತಪ್ಪನ್ನು ಗುಲಗಂಜಿ ತೂಕಕ್ಕೂ ಬಿಡದೆ ತೂಗಿ, ಬಲವಂತನ ತಪ್ಪನ್ನು ತೂಗದೆ ಬಿಟ್ಟರೆ ಅದೂ ಅಳತೆಯ ಮೋಸವೇ. ಪರರ ತಪ್ಪನ್ನು ತೂಗಿ ನಮ್ಮವರ ತಪ್ಪನ್ನು ಬಿಟ್ಟರೂ ಅಷ್ಟೇ.

ಈ ವರ್ಷ ಇಲ್ಲಿಂದ ಹೊರಡುವ ವಿದ್ಯಾರ್ಥಿಗಳಲ್ಲಿ ಹತ್ತು ಮಂದಿಯಾದರೂ ಈ ಕೆಲಸಕ್ಕೆ ಹೆಸರು ಕೊಡಬೇಕೆಂದೂ, ಅದಕ್ಕೆ ಬೇಕಾದ ಏರ್ಪಾಡನ್ನು ಸಂಘದ ಹಿರಿಯರು ಮಾಡಿಕೊಡಬೇಕೆಂದೂ ವಿನಂತಿಸಿಕೊಳ್ಳುತ್ತೇನೆ. ಮುಂದಿನ ವಾರ್ಷಿಕ ಸಂಚಿಕೆಯಲ್ಲಿ ಉಪನ್ಯಾಸದ ಬದಲು ಆ ತಾಲೂಕಿನ ವರದಿಯನ್ನೇ ಓದುವಂತಾಗಲಿ. ನ್ಯಾಯವಾಗಿ ಅಳೆಯುವ ಸಾಮರ್ಥ್ಯವನ್ನೂ, ಅಳೆದದ್ದನ್ನು ಧೈರ್ಯವಾಗಿ ಹೇಳುವ ಶಕ್ತಿಯನ್ನೂ ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ, ಆಮೀನ್.